ಮುಖಹೇಡಿಗಳ ಚರಿತ್ರೆ

ಅಕ್ಕನ ಮಗ ನಮ್ಮ ಮನೆಯಲ್ಲೇ ಇದ್ದುಕೊಂಡು ಇಂಜಿನಿಯರಿಂಗ್ ಓದ್ತಿದ್ದಾನೆ. ಹೋದ ವರ್ಷ, ಐದನೇ ಸೆಮಿಸ್ಟರಿನಲ್ಲಿ, ಒಂದು ದಿನ ಅವನ ಸೆಮಿನಾರ್ ಇತ್ತು. ಹಿಂದಿನ ರಾತ್ರಿ ಹನ್ನೊಂದರವರೆಗೂ ಕೂತು ಸ್ಲೈಡ್ ಮಾಡಿದ್ದ, ನನಗೂ ಒಂದು ಸಲ ಹೇಳಿ ತೋರಿಸಿದ್ದ, ಚೆನ್ನಾಗೇ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಹೊದ್ದುಕೊಂಡು ಮಲಗಿದ್ದಾನೆ. ಜ್ವರ ಏನೋ ಅಂದೆ, ಇಲ್ಲ. ಹೊಟ್ಟೆನೋವಾ, ಅದೂ ಇಲ್ಲ. ಕೊನೆಗೆ ಗೋಡೆ ಕಡೆ ತಿರುಗಿಕೊಂಡೇ, "ಈ ಮುಖ ಇಟ್ಕೊಂಡು ಅರವತ್ತು ಜನರ ಮುಂದೆ ನಿಂತ್ಕೊಳ್ಳೋಕಾಗಲ್ಲ ಮಾವ, ಬಿಟ್ಬಿಡಿ" ಅಂದ.

ಮುಖಕ್ಕೆ ಏನಾಗಿತ್ತು ಅಂದ್ರೆ, ಮೊಡವೆ. ಇಪ್ಪತ್ತು ವರ್ಷದ ಹುಡುಗನಿಗೆ ಮೊಡವೆ ಬರೋದು ಸುದ್ದಿಯೇನಲ್ಲ. ಆದರೆ ಅವತ್ತು ಬೆಳಕಲ್ಲಿ ಸರಿಯಾಗಿ ನೋಡಿದಾಗ ಬರೀ ಮೊಡವೆ ಅನ್ನಿಸಲಿಲ್ಲ. ಕೆನ್ನೆಯೆಲ್ಲ ಸುಟ್ಟ ಹಾಗೆ ಕೆಂಪು, ಚರ್ಮ ಈರುಳ್ಳಿ ಸಿಪ್ಪೆ ಥರ ತೆಳ್ಳಗೆ. ಬಚ್ಚಲುಮನೆಯಲ್ಲಿ ಅವನ ಬ್ರಷ್ಷಿನ ಹಿಂದೆ ಒಂದು ಟ್ಯೂಬ್ ಸಿಕ್ಕಿತು. ಎರಡು ವರ್ಷದಿಂದ ಹಚ್ತಿದ್ದನಂತೆ. ಊರಿನ ಮೆಡಿಕಲ್ ಶಾಪಿನವನು ಕೊಟ್ಟಿದ್ದು, ಚೀಟಿ ಗೀಟಿ ಏನೂ ಇಲ್ಲ. ನಮ್ಮ ಕೆಲಸದಲ್ಲಿ ಏನು ಕೆಟ್ಟರೂ ಮೊದಲು ಲಾಗ್ ಓದೋದು ರೂಢಿ. ಹಾಗೇ ಆ ಟ್ಯೂಬಿನ ಬೆನ್ನಿನ ಸಣ್ಣ ಅಕ್ಷರಗಳನ್ನ ಓದಿದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಮೂರು ಔಷಧಿ, ಒಂದೇ ಟ್ಯೂಬು.

ಅವತ್ತು ರಾತ್ರಿ ಈ ಮೂರರ ಜಾತಕ ಹುಡುಕುತ್ತಾ ಕೂತವನಿಗೆ ಒಂದು ಇಸವಿ ಸಿಕ್ಕಿತು: 1975. ಅಮೆರಿಕದ ಫಿಲಡೆಲ್ಫಿಯಾದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಐಸಾಕ್ ವಿಲ್ಲಿಸ್ ಈ ಥರದ ಮೂರು ಔಷಧಿಗಳ ಮಿಶ್ರಣವನ್ನು ಮೊದಲು ಪ್ರಕಟಿಸಿದ್ದು ಆ ವರ್ಷ. 1975 ಅಂದ ಕೂಡಲೇ ನಮಗೆ ನೆನಪಾಗೋದು ಎಮರ್ಜೆನ್ಸಿ, ಸಿನಿಮಾ ಹುಚ್ಚಿನವರಿಗೆ 'ಶೋಲೆ'. ಆದರೆ ನಮ್ಮ ಮುಖಗಳ ಮಟ್ಟಿಗೆ ಆ ವರ್ಷ ಇನ್ನೂ ಎರಡು ಸಂಗತಿ ನಡೆದಿದ್ದವು. ಮೇ ತಿಂಗಳಲ್ಲಿ ಭಾರತದ ಕೊನೆಯ ಸಿಡುಬಿನ ರೋಗಿ ಸಿಕ್ಕಳು. ಅದೇ ವರ್ಷ ಹಿಂದೂಸ್ತಾನ್ ಲಿವರ್ ಕಂಪನಿ 'ಫೇರ್ ಅಂಡ್ ಲವ್ಲಿ'ಯನ್ನು ಮಾರುಕಟ್ಟೆಗೆ ತಂದಿತು.

ಇದು ಕಾಕತಾಳೀಯವೇ. ಯಾರೂ ಕೂತು ಪ್ಲಾನ್ ಮಾಡಿದ್ದಲ್ಲ. ಆದರೂ ಈ ಮೂರನ್ನ ಪಕ್ಕ ಪಕ್ಕ ಇಟ್ಟು ನೋಡಿದ ಮೇಲೆ, ಗೋಡೆ ಕಡೆ ತಿರುಗಿ ಮಲಗಿದ್ದ ಹುಡುಗ ನನಗೆ ಸ್ವಲ್ಪ ಅರ್ಥವಾದ.

ಮೊದಲು ಸಿಡುಬಿನ ಕಥೆ. ನಮ್ಮಜ್ಜಿಯ ಮುಖದ ತುಂಬಾ ಗುಳಿಗಳಿದ್ದವು. ತಿಪಟೂರು ಕಡೆಯ ನಮ್ಮೂರಲ್ಲಿ ನಾನು ಸಣ್ಣವನಿದ್ದಾಗ ಅಂಥ ಮುಖಗಳು ಇನ್ನೂ ಏಳೆಂಟು ಇದ್ದವು, ಎಲ್ಲ ವಯಸ್ಸಾದವರದ್ದು. ಅಜ್ಜಿಯ ತೊಡೆ ಮೇಲೆ ಮಲಗಿ ಆ ಗುಳಿಗಳಿಗೆ ಬೆರಳಿಟ್ಟು ಎಣಿಸ್ತಿದ್ದೆ. ಇದೇನಜ್ಜಿ ಅಂದ್ರೆ, "ಅಮ್ಮ ಆಡಿ ಹೋದ ಜಾಗ ಕಣೋ" ಅನ್ನೋಳು. ಊರಲ್ಲಿ ಸಿಡುಬು ಅಂತ ಯಾರೂ ಬಾಯಿಬಿಟ್ಟು ಅಂತಿರಲಿಲ್ಲ, ಅಮ್ಮ ಬಂದಿದೆ ಅಂತಲೇ ಅನ್ನೋರು. ಬಾಗಿಲಿಗೆ ಬೇವಿನ ಸೊಪ್ಪು, ಮನೆಯಲ್ಲಿ ಒಗ್ಗರಣೆ ಇಲ್ಲ, ಹೊರಗಿನವರು ಒಳಗೆ ಬರೋ ಹಾಗಿಲ್ಲ. ಇಳಿದ ಮೇಲೆ ಮಾರಮ್ಮನಿಗೆ ಮೊಸರನ್ನದ ಎಡೆ. ಬದುಕಿ ಉಳಿದವರ ಮುಖದ ಮೇಲೆ ಗುಳಿ.

ಸಿಡುಬಿನಿಂದ ಬದುಕುಳಿದವರಲ್ಲಿ ಶೇಕಡಾ 65ರಿಂದ 80ರಷ್ಟು ಜನರಿಗೆ ಈ ಕಲೆ ಉಳಿಯುತ್ತಿತ್ತು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದರಲ್ಲೂ ಮುಖದ ಮೇಲೇ ಜಾಸ್ತಿ. ಯಾಕೆ ಮುಖದ ಮೇಲೆ ಅನ್ನೋದಕ್ಕೆ ಕಾರಣ ಇದೆ. ಚರ್ಮಕ್ಕೆ ಎಣ್ಣೆ ಒದಗಿಸೋ ಗ್ರಂಥಿಗಳು ಮುಖದಲ್ಲಿ ಒತ್ತೊತ್ತಾಗಿರ್ತವೆ. ಸಿಡುಬು ಈ ಗ್ರಂಥಿಗಳನ್ನೇ ಹಾಳು ಮಾಡುತ್ತಿತ್ತು, ಅವು ಕುಗ್ಗಿ ಹೋದ ಜಾಗ ಗುಳಿಯಾಗುತ್ತಿತ್ತು. ಹದಿಹರೆಯದಲ್ಲಿ ಮೊಡವೆ ಏಳೋದೂ ಇದೇ ಗ್ರಂಥಿಗಳಲ್ಲಿ. ಅಜ್ಜಿಯ ಗುಳಿಗೂ ಮೊಮ್ಮಗಳ ಮಗನ ಮೊಡವೆಗೂ ವಿಳಾಸ ಒಂದೇ.

ಅಜ್ಜಿಯ ಕಾಲವನ್ನ ಚಿನ್ನದ ಕಾಲ ಅಂತ ಹೇಳೋಕೆ ನಾನು ತಯಾರಿಲ್ಲ. ಗುಳಿಯಿದ್ದರೂ ಅಜ್ಜಿ ಸಂತೆಗೆ ಹೋಗ್ತಿದ್ದಳು, ಜಾತ್ರೆಯಲ್ಲಿ ಸೋಬಾನೆ ಹೇಳ್ತಿದ್ದಳು, ಯಾರ ಮುಂದೆಯೂ ತಲೆ ತಗ್ಗಿಸಿದ್ದು ನಾನು ನೋಡಿಲ್ಲ. ಇಷ್ಟು ನನಗೆ ಗೊತ್ತಿತ್ತು. ಅವಳು ತೀರಿಕೊಂಡ ಎಷ್ಟೋ ವರ್ಷದ ಮೇಲೆ ಅಮ್ಮ ಇನ್ನೊಂದು ಹೇಳಿದಳು: ಅಜ್ಜಿಯನ್ನ ಎರಡನೇ ಸಂಬಂಧಕ್ಕೆ ಕೊಟ್ಟಿದ್ದು ಈ ಮುಖದ ಕಾರಣಕ್ಕೇ. ತಾತನಿಗೆ ಆಗಲೇ ಮದುವೆಯಾಗಿ ಹೆಂಡತಿ ತೀರಿಹೋಗಿದ್ದಳು, ವಯಸ್ಸಿನಲ್ಲಿ ಅಜ್ಜಿಗಿಂತ ಹದಿನೆಂಟು ವರ್ಷ ದೊಡ್ಡವನು. ಗುಳಿ ಇಲ್ಲದ ತಂಗಿಯನ್ನ ಮಾತ್ರ ಒಳ್ಳೇ ಮನೆಗೆ ಕೊಟ್ಟರು. ಹಾಗಾಗಿ ಆ ಕಾಲದಲ್ಲೂ ಮುಖಕ್ಕೆ ಬೆಲೆ ಕಟ್ಟುತ್ತಿದ್ದರು, ಅದನ್ನ ಹೆಣ್ಣುಮಕ್ಕಳೇ ತೆರುತ್ತಿದ್ದರು. ಒಂದು ವ್ಯತ್ಯಾಸ ಮಾತ್ರ ಇತ್ತು. ಅದು ಅಜ್ಜಿಯ ತಪ್ಪು ಅಂತ ಯಾರೂ ಅನ್ನಲಿಲ್ಲ. ಅಮ್ಮ ಬಂದಳು, ಆಡಿದಳು, ಹೋದಳು. ನೀನು ಸರಿಯಾಗಿ ಮುಖ ತೊಳೆದಿದ್ದರೆ ಹೀಗಾಗ್ತಿರಲಿಲ್ಲ ಅಂತ ಅಜ್ಜಿಗೆ ಯಾರೂ ಹೇಳಿರಲಿಲ್ಲ.

ಈ ಮುಖಗಳನ್ನ ಇಲ್ಲವಾಗಿಸೋ ಕೆಲಸ ಶುರುವಾದ ಹೊತ್ತಿನಲ್ಲೇ ಮೈಸೂರಿಗೂ ಅದರಲ್ಲೊಂದು ಪಾಲಿದೆ. ಎಡ್ವರ್ಡ್ ಜೆನ್ನರ್ ಲಸಿಕೆ ಕಂಡುಹಿಡಿದಿದ್ದು 1796ರಲ್ಲಿ. 1802ರ ಜೂನ್‌ನಲ್ಲಿ ಮುಂಬೈನ ಮೂರು ವರ್ಷದ ಹುಡುಗಿಯೊಬ್ಬಳಿಗೆ ಹಾಕಿದ್ದು ಭಾರತದ ಮೊದಲ ಲಸಿಕೆ. ಅದಾದ ಮೂರು ವರ್ಷಕ್ಕೆ, ಸುಮಾರು 1805ರಲ್ಲಿ, ಐರಿಷ್ ಕಲಾವಿದ ಥಾಮಸ್ ಹಿಕ್ಕಿ ಬರೆದದ್ದು ಎನ್ನಲಾದ ಒಂದು ವರ್ಣಚಿತ್ರ ಇದೆ. ಅದರಲ್ಲಿ ಮೂವರು ಹೆಂಗಸರು. ನರ್ತಕಿಯರಿರಬೇಕು ಅಂತ ಬಹಳ ಕಾಲ ಅಂದುಕೊಂಡಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಪ್ರಕಾರ ಅವರು ಮೈಸೂರು ಅರಮನೆಯವರು: ಮುಮ್ಮಡಿ ಕೃಷ್ಣರಾಜ ಒಡೆಯರ ಇಬ್ಬರು ಎಳೆಯ ರಾಣಿಯರು, ನಡುವೆ ಅಜ್ಜಿ ಲಕ್ಷ್ಮಮ್ಮಣ್ಣಿ. ಬಲಗಡೆಯ ರಾಣಿ ಸೀರೆ ಸರಿಸಿ ತೋಳು ತೋರಿಸುತ್ತಿದ್ದಾಳೆ, ಅಲ್ಲಿ ಲಸಿಕೆ ಹಾಕಿಸಿಕೊಂಡಿದ್ದಾಳೆ ಅನ್ನೋದು ಸೂಚನೆ. ಎಡಗಡೆಯ ರಾಣಿಯ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದೆ. ಲಸಿಕೆಗೂ ಮುಂಚಿನ ಹಳೇ ಪದ್ಧತಿಯಲ್ಲಿ ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದರಲ್ಲ, ಅದರ ಗುರುತು ಇದು ಅಂತ ಅವರ ವಾದ. ಈ ವಾದವನ್ನ ಒಪ್ಪದವರೂ ಇದ್ದಾರೆ. ನಿಜವೇ ಆಗಿದ್ದರೆ, ಕಲೆಯಿರುವ ಮುಖವನ್ನೂ ಇಲ್ಲದ ಮುಖವನ್ನೂ ಅಕ್ಕಪಕ್ಕ ಕೂರಿಸಿ ಜನರಿಗೆ ತೋರಿಸಿದ ನಮ್ಮ ಮೊದಲ ಜಾಹೀರಾತು ಅದೇ ಇರಬಹುದು. ಬಿಫೋರ್ ಮತ್ತು ಆಫ್ಟರ್. ಮಾರಾಟ ಮಾಡ್ತಿದ್ದ ವಸ್ತು ಮಾತ್ರ ಜೀವ ಉಳಿಸೋವಂಥದ್ದು.

ಸಿಡುಬು ಸಾಯೋಕೆ ಇನ್ನೂ 170 ವರ್ಷ ಬೇಕಾಯ್ತು. 1974ರ ಒಂದೇ ವರ್ಷದಲ್ಲಿ ದೇಶದಲ್ಲಿ 1 ಲಕ್ಷ 88 ಸಾವಿರ ಜನರಿಗೆ ಸಿಡುಬು ಬಂದು, 31 ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಿಹಾರದಲ್ಲಂತೂ ಭೀಕರ. ಆರೋಗ್ಯ ಕಾರ್ಯಕರ್ತರು ಕೈಯಲ್ಲಿ ಒಂದು ಕಾರ್ಡ್ ಹಿಡಿದು ಮನೆಮನೆಗೆ ಹೋಗೋರು. ಅದರ ಮೇಲೆ ಸಿಡುಬೆದ್ದ ಮಗುವಿನ ಫೋಟೋ. ಇಂಥ ಮುಖ ಎಲ್ಲಾದರೂ ಕಂಡಿರಾ ಅಂತ ಕೇಳೋದು, ತೋರಿಸಿಕೊಟ್ಟವರಿಗೆ ಬಹುಮಾನ. ರೋಗ ಕಮ್ಮಿಯಾಗ್ತಾ ಬಂದ ಹಾಗೆ ಬಹುಮಾನ ಏರುತ್ತಾ ಹೋಗಿ ಕೊನೆಗೆ 1000 ರೂಪಾಯಿಗೆ ಮುಟ್ಟಿತು. ಒಂದು ಊರಿನಲ್ಲಿ ಹಿಂದೆ ಸಿಡುಬು ಬಂದಿತ್ತಾ ಅಂತ ತಿಳಿಯೋಕೆ ಮಕ್ಕಳ ಮುಖದ ಗುಳಿಗಳನ್ನ ನೋಡಿ ಲೆಕ್ಕ ಹಾಕೋ ಸಮೀಕ್ಷೆಗಳೂ ನಡೆದವು. 1975ರ ಮೇ 24ರಂದು ಅಸ್ಸಾಮಿನ ಕರೀಂಗಂಜ್‌ನಲ್ಲಿ, ಬಾಂಗ್ಲಾದೇಶದಿಂದ ಬಂದಿದ್ದ ಒಬ್ಬ ಭಿಕ್ಷುಕಿಯಲ್ಲಿ ಕಂಡದ್ದು ಈ ದೇಶದ ಕೊನೆಯ ಪ್ರಕರಣ. ಅಲ್ಲಿಂದಾಚೆಗೆ ಹುಟ್ಟಿದ ಯಾವ ಮಗುವಿನ ಮುಖದ ಮೇಲೂ ಅಮ್ಮ ಆಡಲಿಲ್ಲ.

ಮನುಷ್ಯರು ಮಾಡಿದ ದೊಡ್ಡ ಕೆಲಸಗಳಲ್ಲಿ ಇದೂ ಒಂದು. ಎರಡು ಮಾತಿಲ್ಲ. ಜೊತೆಗೆ ಸದ್ದಿಲ್ಲದೆ ಇನ್ನೊಂದೂ ಆಯ್ತು ಅನ್ನೋದು ನನ್ನ ಊಹೆ. ಗುಳಿಬಿದ್ದ ಮುಖಗಳು ಬೀದಿಯಿಂದ ಮಾಯವಾದ ಮೇಲೆ, ಮಾಮೂಲಿ ಮುಖ ಅಂದರೆ ನುಣ್ಣಗಿರೋ ಮುಖ ಅಂತಾಯ್ತು. ನೀರು ಸೇದೋ ಜಾಗದಲ್ಲಿ ಹತ್ತು ಹೆಂಗಸರಲ್ಲಿ ಇಬ್ಬರ ಮುಖ ಗುಳಿಗುಳಿಯಾಗಿದ್ದರೆ ಮೊಡವೆಯನ್ನ ಯಾರು ಎಣಿಸ್ತಾರೆ? ಆ ಇಬ್ಬರು ಹೋದ ಮೇಲೆ ಮೊಡವೆ ಎದ್ದು ಕಂಡಿತು.

ಸರಿಯಾಗಿ ಅದೇ ಹೊತ್ತಿಗೆ ಕ್ರೀಮ್ ಬಂತು. ಫೇರ್ ಅಂಡ್ ಲವ್ಲಿಯ ಮುಖ್ಯ ಸರಕು ನಿಯಾಸಿನಮೈಡ್, ಅಂದ್ರೆ ವಿಟಮಿನ್ ಬಿ3. ಕಂಪನಿ ಅದರ ಪೇಟೆಂಟ್ ಮಾಡಿಸಿಕೊಂಡಿದ್ದು 1971ರಲ್ಲಿ. ಬಣ್ಣದ ವ್ಯಾಮೋಹ ಆ ಕಂಪನಿ ಹುಟ್ಟಿಸಿದ್ದಲ್ಲ, ನಮ್ಮಲ್ಲಿ ವಧುಪರೀಕ್ಷೆಗೆ ಹೋದವರು ಬಣ್ಣವನ್ನ ಆಗಲೂ ನೋಡ್ತಿದ್ದರು. ಮುಖವನ್ನ ಮದುವೆ ಚಪ್ಪರದಿಂದ ಎತ್ತಿಕೊಂಡು ಬಂದು ಇಂಟರ್‌ವ್ಯೂ ರೂಮಿನಲ್ಲಿ ಕೂರಿಸಿದ್ದು ಮಾತ್ರ ಜಾಹೀರಾತುಗಳು. ನನ್ನ ವಯಸ್ಸಿನವರಿಗೆಲ್ಲ ಆ ಏರ್‌ಹೋಸ್ಟೆಸ್ ಜಾಹೀರಾತು ನೆನಪಿರಬೇಕು. ಮಗ ಇಲ್ಲವಲ್ಲ ಅಂತ ಕೊರಗೋ ಅಪ್ಪ, ಕಪ್ಪಗಿರೋ ಮಗಳು, ಕ್ರೀಮು, ಆಮೇಲೆ ಕೆಲಸ, ಸಂಬಳ, ಅಪ್ಪನಿಗೆ ಹೋಟೆಲಿನಲ್ಲಿ ಕಾಫಿ. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಇದರ ವಿರುದ್ಧ ದೂರು ಕೊಟ್ಟು, ಒಂದು ವರ್ಷಕ್ಕೂ ಹೆಚ್ಚು ಬೆನ್ನುಹತ್ತಿ, 2003ರಲ್ಲಿ ಅಂಥ ಜಾಹೀರಾತುಗಳು ಟಿವಿಯಿಂದ ಇಳಿದವು. ಅದೇ 2003ರಲ್ಲಿ ಕಂಪನಿ ಫೇರ್ ಅಂಡ್ ಲವ್ಲಿ ಫೌಂಡೇಶನ್ ಅಂತ ಶುರು ಮಾಡಿ ಹೆಣ್ಣುಮಕ್ಕಳ ಓದಿಗೆ ಸ್ಕಾಲರ್‌ಶಿಪ್ ಕೊಡೋಕೆ ಹೊರಟಿತು. ಸ್ಕಾಲರ್‌ಶಿಪ್ ಪಡೆದು ಓದಿದವರ ಬಗ್ಗೆ ನನಗೆ ಖುಷಿಯೇ. ಆದರೂ ಓದು, ಕೆಲಸ, ಮುಖ ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ಜಾಣತನ ನೋಡಿ.

2005ರಲ್ಲಿ ಇಮಾಮಿ ಕಂಪನಿ 'ಫೇರ್ ಅಂಡ್ ಹ್ಯಾಂಡ್ಸಮ್' ತಂದು ಹುಡುಗರನ್ನೂ ಸೇರಿಸಿಕೊಂಡಿತು. ಗುಟ್ಟಾಗಿ ಹೆಂಗಸರ ಕ್ರೀಮ್ ಹಚ್ಚೋ ಹುಡುಗನಿಗೆ ಶಾರುಖ್ ಖಾನ್ ಗಂಡಸರ ಕ್ರೀಮ್ ಕೊಡೋ ಜಾಹೀರಾತು ನಾನು ಇಂಜಿನಿಯರಿಂಗ್ ಓದೋ ಕಾಲದ್ದು. ಆಗ ನಮ್ಮ ಹಾಸ್ಟೆಲಿನ ಮೆಸ್ಸಿನಲ್ಲಿದ್ದ ಟಿವಿಯಲ್ಲಿ ಅದು ಬಂದಾಗ ಎಲ್ಲರೂ ನಗ್ತಿದ್ದೆವು. ಎಲ್ಲರ ಟ್ರಂಕಿನಲ್ಲೂ ಒಂದೊಂದು ಟ್ಯೂಬ್ ಇತ್ತು.

ನಾನೂ ಮುಖಹೇಡಿಯೇ. ಈ ಪದ ನಮ್ಮೂರಲ್ಲಿ ದಿನಾ ಕೇಳ್ತಿದ್ದದ್ದು. ನೆಂಟರು ಬಂದಾಗ ಬಾಗಿಲ ಹಿಂದೆ ಹೋಗಿ ನಿಲ್ಲೋ ಮಗುವಿಗೆ "ಮುಖಹೇಡಿ ಕಣೇ ಇವನು" ಅನ್ನೋರು. ಸೋಶಿಯಲ್ ಆಂಗ್ಸೈಟಿ ಅಂತ ಈಗ ಯಾವುದನ್ನ ಅಂತೀವೋ, ಅದಕ್ಕೆ ಕನ್ನಡದಲ್ಲಿ ಮುಖಕ್ಕೇ ಗಂಟುಹಾಕಿದ ಪದ ಮೊದಲೇ ಇತ್ತು. ಕಾಲೇಜಿನಲ್ಲಿ ನನಗೆ ಮೊಡವೆ ಇದ್ದದ್ದು ಎಡಗೆನ್ನೆಯಲ್ಲಿ. ನಾಲ್ಕು ವರ್ಷ ಕ್ಲಾಸಿನ ಎಡಗಡೆಯ ಕೊನೇ ಸಾಲಿನಲ್ಲಿ, ಗೋಡೆ ಎಡಕ್ಕೆ ಬರೋ ಹಾಗೆ ಕೂತೆ. ಅದೊಂದು ಲೆಕ್ಕಾಚಾರ ಅಂತ ನನ್ನ ಪಕ್ಕ ಕೂತವನಿಗೂ ಗೊತ್ತಿರಲಿಲ್ಲ.

ಹಾಗಾದರೆ ಎಲ್ಲಾ ಪಾಪವೂ ಜಾಹೀರಾತಿನದ್ದಾ? ಹಾಗಂತ ಬರೆದು ಮುಗಿಸೋದು ಸುಲಭ, ಆದರೆ ಇತಿಹಾಸ ಒಪ್ಪಲ್ಲ. 1846ರಲ್ಲಿ ಬರ್ಲಿನ್ನಿನ ವೈದ್ಯ ಯೊಹಾನ್ ಲುಡ್ವಿಗ್ ಕ್ಯಾಸ್ಪರ್ ಒಂದು ಪ್ರಕರಣ ದಾಖಲಿಸಿದ. ರೋಗಿ ಒಬ್ಬ ವೈದ್ಯಕೀಯ ವಿದ್ಯಾರ್ಥಿ, 21 ವರ್ಷ. ಅವನ ತೊಂದರೆ ಏನಪ್ಪಾ ಅಂದ್ರೆ, ಜನರೆದುರು ಮುಖ ಕೆಂಪಾಗುತ್ತೆ ಅನ್ನೋ ಭಯ. ಕೆಂಪಾಗುತ್ತೆ ಅನ್ನೋ ಭಯಕ್ಕೇ ಕೆಂಪಾಗೋದು, ಕೆಂಪಾಗಿದ್ದು ಕಂಡಿತು ಅಂತ ಇನ್ನಷ್ಟು ಭಯ, ಆಮೇಲೆ ಜನರ ನಡುವೆ ಹೋಗೋದನ್ನೇ ಬಿಡೋದು. ಪ್ರೋಗ್ರಾಮಿಂಗ್ ಗೊತ್ತಿದ್ದವರಿಗೆ ಇದು ಹೊರಬರೋ ಷರತ್ತೇ ಬರೆಯದ ಲೂಪ್. ಕೊನೆಗೆ ಆ ಹುಡುಗ ಜೀವ ಕಳೆದುಕೊಂಡ. ಅವನ ಕಾಲದಲ್ಲಿ ಫೇರ್‌ನೆಸ್ ಕ್ರೀಮೂ ಇಲ್ಲ, ಸೆಲ್ಫಿಯೂ ಇಲ್ಲ. ಮುಂದೆ 1891ರಲ್ಲಿ ಇಟಲಿಯ ಮನೋವೈದ್ಯ ಎನ್ರಿಕೋ ಮೊರ್ಸೆಲ್ಲಿ, ತನ್ನ ಅಂಗ ವಿಕಾರವಾಗಿದೆ ಅನ್ನೋ ಭಯದಲ್ಲೇ ಬದುಕುವವರ ಸ್ಥಿತಿಗೆ ಡಿಸ್ಮಾರ್ಫೋಫೋಬಿಯಾ ಅಂತ ಹೆಸರಿಟ್ಟ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೋಶಿಯಲ್ ಫೋಬಿಯಾ ಅನ್ನೋ ಹೆಸರು ಸೇರಿದ್ದು 1980ರಲ್ಲಿ. ಭಯ ಹಳೆಯದು. ಅದನ್ನ ಹುಟ್ಟಿಸೋಕೆ ಕಂಪನಿ ಬೇಕಾಗಿರಲಿಲ್ಲ, ಟ್ಯೂಬಿಗೆ ತುಂಬಿ ಮಾರೋಕೆ ಬೇಕಾಯ್ತು.

ಮಾರೋದು ಅಂದ ಮೇಲೆ ಕ್ಲಿಗ್‌ಮನ್ ಸೂತ್ರಕ್ಕೆ ವಾಪಸ್ ಬರಬೇಕು. ಇದೇ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 1974ರವರೆಗೆ, ಪ್ರಯೋಗ ನಡೆಸಿದವನು. ಆ ಕಥೆಗೇ ಬೇರೆ ಲೇಖನ ಬೇಕು. ಮೊಡವೆಗೆ ಇವತ್ತಿಗೂ ಕೊಡೋ ಟ್ರೆಟಿನಾಯಿನ್ ಬಳಕೆಗೆ ತಂದವನೂ ಅವನೇ. 1975ರ ಸೂತ್ರದಲ್ಲಿ ಚರ್ಮದ ಬಣ್ಣ ತಗ್ಗಿಸೋ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಉರಿ ತಡೆಯೋಕೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟಿರಾಯ್ಡ್ ಇದ್ದವು. ಬಂಗಿನಂಥ ತೊಂದರೆಗೆ, ವೈದ್ಯರ ಕಣ್ಣೆದುರು, ಕೆಲವು ವಾರ ಹಚ್ಚೋ ಔಷಧಿ ಇದು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಇದರ ತಮ್ಮಂದಿರು, ಇನ್ನೂ ಜೋರಾದ ಸ್ಟಿರಾಯ್ಡ್ ಹಾಕಿಕೊಂಡು, ದಿನಾ ಹಚ್ಚೋ ಕ್ರೀಮಿನ ಥರ ಮಾರಾಟವಾದರು.

ಸ್ಟಿರಾಯ್ಡ್ ಮಾಡೋ ಮೋಸ ಏನಂದ್ರೆ, ಮೊದಲ ತಿಂಗಳು ಅದು ನಿಜಕ್ಕೂ ಕೆಲಸ ಮಾಡುತ್ತೆ. ಕೆಂಪು ಇಳಿಯುತ್ತೆ, ಮುಖ ಬೆಳ್ಳಗೆ ಕಾಣುತ್ತೆ, ಹುಡುಗ ಫೋಟೋ ತೆಗೆಸಿಕೊಳ್ತಾನೆ. ಆಮೇಲೆ ಚರ್ಮ ತೆಳುವಾಗುತ್ತೆ, ಬಿಸಿಲಿಗೆ ಉರಿಯುತ್ತೆ, ಅದರಿಂದಲೇ ಹೊಸ ಮೊಡವೆ ಏಳುತ್ತೆ. ಬಿಟ್ಟರೆ ಮೊದಲಿಗಿಂತ ಜೋರಾಗಿ ತಿರುಗಿಬೀಳುತ್ತೆ. ಅದಕ್ಕೆ ಹೆದರಿ ಮತ್ತೆ ಹಚ್ತಾನೆ. ಮತ್ತದೇ ಲೂಪ್, ಈ ಸಲ ಚರ್ಮದೊಳಗೆ. ಈ ಸ್ಥಿತಿಗೆ 'ಟಾಪಿಕಲ್ ಸ್ಟಿರಾಯ್ಡ್ ಡ್ಯಾಮೇಜ್ಡ್ ಫೇಸ್' ಅಂತ ಹೆಸರು ಕೊಟ್ಟಿದ್ದು ಯುರೋಪಿನವರಲ್ಲ, ಕೋಲ್ಕತ್ತಾದ ಚರ್ಮವೈದ್ಯರಾದ ಕೌಶಿಕ್ ಲಾಹಿರಿ ಮತ್ತು ಅರಿಜಿತ್ ಕೂಂಡೂ. ನಮ್ಮ ಹುಡುಗ ಹುಡುಗಿಯರ ಮುಖ ನೋಡಿ ನೋಡಿ ಇಟ್ಟ ಹೆಸರು. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನ ವೈದ್ಯರ ಚೀಟಿಯಿಲ್ಲದೆ ಮಾರಬಾರದು ಅಂತ ಆದೇಶ ಹೊರಡಿಸಿತು. 2020ರಲ್ಲಿ, ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಸಾವಿನ ನಂತರ ಬಣ್ಣದ ಚರ್ಚೆ ಎದ್ದಾಗ, ಫೇರ್ ಅಂಡ್ ಲವ್ಲಿ ಹೆಸರು ಬದಲಿಸಿಕೊಂಡು ಗ್ಲೋ ಅಂಡ್ ಲವ್ಲಿ ಆಯ್ತು. ಆದೇಶವೂ ಇದೆ, ಹೊಸ ಹೆಸರೂ ಇದೆ. ನಮ್ಮನೆ ಬಚ್ಚಲಲ್ಲಿ ಟ್ಯೂಬೂ ಇತ್ತು.

ಇದೆಲ್ಲಾ ಅವನಿಗೆ ಹೇಳಿದೆನಾ? ಸ್ವಲ್ಪ ಹೇಳಿದೆ. ಒಂದು ಪ್ರಯೋಗದ ವಿಷಯ ಮಾತ್ರ ಪೂರ್ತಿ ಹೇಳಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಿಲೋವಿಚ್ ಮತ್ತು ಜೊತೆಯವರು ಮಾಡಿ 2000ದಲ್ಲಿ ಪ್ರಕಟಿಸಿದ್ದು. ಹಾಕಿಕೊಳ್ಳೋಕೆ ನಾಚಿಕೆಯಾಗೋ ಅಂಥ ಒಂದು ಟೀಶರ್ಟ್ ಹಾಕಿಸಿ ವಿದ್ಯಾರ್ಥಿಯನ್ನ ಬೇರೆ ವಿದ್ಯಾರ್ಥಿಗಳು ಕೂತಿರೋ ಕೋಣೆಗೆ ಕಳಿಸೋದು. ಎಷ್ಟು ಜನ ನಿನ್ನ ಶರ್ಟ್ ಗಮನಿಸಿರಬಹುದು ಅಂತ ಆಮೇಲೆ ಕೇಳಿದರೆ, ಹೆಚ್ಚುಕಮ್ಮಿ ಅರ್ಧದಷ್ಟು ಜನ ಅಂತ ಅಂದಾಜು ಹೇಳಿದರಂತೆ. ನಿಜಕ್ಕೂ ಗಮನಿಸಿದ್ದವರು ಅದರ ಅರ್ಧ ಮಾತ್ರ, ನಾಲ್ಕರಲ್ಲಿ ಒಬ್ಬರು.

"ನಾಲ್ಕರಲ್ಲಿ ಒಬ್ಬರು ಅಂದ್ರೆ ನಮ್ಮ ಕ್ಲಾಸಲ್ಲಿ ಹದಿನೈದು ಜನ ಆಯ್ತಲ್ಲ ಮಾವ" ಅಂದ.

ಅವನ ಲೆಕ್ಕ ಸರಿ ಇತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಶನಿವಾರ ಚರ್ಮದ ಡಾಕ್ಟರ ಹತ್ತಿರ ಕರಕೊಂಡು ಹೋದೆ. ಅವರು ಟ್ಯೂಬ್ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಂಥವು ವಾರಕ್ಕೆ ಎಷ್ಟು ಬರ್ತವೆ ಗೊತ್ತಾ ಅಂದರು. ನಿಲ್ಲಿಸಿದ ಮೇಲೆ ಮೊದಲು ಇನ್ನೂ ಕೆಡುತ್ತೆ, ಸುಧಾರಿಸೋಕೆ ತಿಂಗಳುಗಟ್ಟಲೆ ಬೇಕು, ಮಧ್ಯೆ ಧೈರ್ಯಗೆಟ್ಟು ವಾಪಸ್ ಅದನ್ನೇ ಹಚ್ಚಬೇಡ ಅಂತ ಅವನಿಗೇ ನೇರವಾಗಿ ಹೇಳಿದರು. ಜೊತೆಗೆ ಮನೋವೈದ್ಯರೊಬ್ಬರ ಹೆಸರೂ ಬರೆದುಕೊಟ್ಟರು. ಅದನ್ನ ಅಕ್ಕನಿಗೆ ಇನ್ನೂ ಹೇಳಿಲ್ಲ. ಹುಚ್ಚಾಸ್ಪತ್ರೆಗೆ ಕರಕೊಂಡು ಹೋದಾ ಅಂತ ಕೇಳ್ತಾಳೆ.

ದೀಪಾವಳಿಗೆ ಊರಿಗೆ ಹೋದಾಗ ಅವನ ಮುಖ ಸರಿಯಾಗಿ ಕೆಟ್ಟ ಸ್ಥಿತಿಯಲ್ಲಿತ್ತು. ನಡುಮನೆಯ ಗೋಡೆ ಮೇಲೆ ಅಜ್ಜಿಯ ದೊಡ್ಡ ಫೋಟೋ ಇದೆ. ತೀರಿಕೊಂಡ ಮೇಲೆ ಹಳೇ ಸಣ್ಣ ಫೋಟೋದಿಂದ ಟೌನಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿದ್ದು. ಅವನು ಅದರ ಮುಂದೆ ಬಹಳ ಹೊತ್ತು ನಿಂತಿದ್ದ. "ಎಲ್ಲಿ ಮಾವ ಗುಳಿ?" ಅಂದ. ಹತ್ತಿರ ಹೋಗಿ ನೋಡಿದೆ. ಒಂದೂ ಇರಲಿಲ್ಲ. ಸ್ಟುಡಿಯೋದವನು ಟಚಿಂಗ್ ಮಾಡೋವಾಗ ಎಲ್ಲವನ್ನೂ ಒರೆಸಿ ಹಾಕಿದ್ದ. ಇಪ್ಪತ್ತು ವರ್ಷದಿಂದ ದಿನಾ ಹೂವು ಮುಡಿಸ್ತಿದ್ದ ನಾವ್ಯಾರೂ ಅದನ್ನ ಗಮನಿಸಿರಲಿಲ್ಲ.

ಸೆಮಿನಾರನ್ನ ಆಮೇಲೆ ಕಾಲೇಜಿನವರು ಇನ್ನೊಂದು ದಿನಕ್ಕೆ ಕೊಟ್ಟರು. ಮಾಸ್ಕ್ ಹಾಕಿಕೊಂಡೇ ಮಾಡಿದನಂತೆ. ಇಪ್ಪತ್ತೈದಕ್ಕೆ ಇಪ್ಪತ್ತೊಂದು ಬಂದಿದೆ.